"ಮನೆಮಂದಿ 2" ಗ್ರೂಪಲ್ಲಿ ಟೋಪಿ ಗಲಾಟೆ

ನಮ್ ಫ್ಯಾಮಿಲಿ ಗ್ರೂಪಿನ ಹೆಸರು "ಮನೆಮಂದಿ 2". ಒಂದನೇದು ಏನಾಯ್ತು ಅಂತ ಕೇಳ್ಬೇಡಿ, ಯಾವ್ದೋ ಫೋಟೋದಲ್ಲಿ ಯಾರು ಮುಂದೆ ನಿಂತ್ರು ಅನ್ನೋ ಮಾತಿಗೆ ಅಡ್ಮಿನ್ನೇ ಲೆಫ್ಟ್ ಆಗಿ ಹೋದ್ರು, ಈಗ ಆ ಕರ್ಮ ನನ್ ತಲೆಗೆ ಬಿದ್ದಿದೆ. ಮೊನ್ನೆ ನಡೆದಿದ್ದನ್ನ ಹಂಗಂಗೇ ಹಾಕ್ತಿದೀನಿ, ಗುಡ್ ಮಾರ್ನಿಂಗ್ ಹೂವು, ಸ್ಟಿಕ್ಕರ್ರು ತೆಗ್ದಿದೀನಿ, ಹೆಸರೂ ಇಲ್ಲ, ನನ್ ಫೋನಲ್ಲಿ ಹೆಂಗೆ ಸೇವ್ ಆಗಿದಾರೋ ಹಂಗೆ.

ಮಾವ: (ತುಂಬಾ ಸಲ ಫಾರ್ವರ್ಡ್ ಆಗಿದ್ದು) ಸಂಬಳ ಕಟ್ ಆಗಿದೆಯೇ? ಚಿಂತೆ ಬಿಡಿ!! ಮನೆಯಲ್ಲೇ ಕುಳಿತು ಉಣ್ಣೆ ಟೋಪಿ ಹೆಣೆಯಿರಿ, ಕೈತುಂಬ ಸಂಪಾದಿಸಿ. ಹೆಣಿಗೆ ಕೆಲಸ ಯಾವ ಯಂತ್ರಕ್ಕೂ ಬಾರದು, ಆದ್ದರಿಂದ ಬೇಡಿಕೆ ಎಂದಿಗೂ ಕುಗ್ಗದು. ದಾರ ನಾವೇ ಕಳಿಸುತ್ತೇವೆ, ಟೋಪಿ ನಾವೇ ಕೊಳ್ಳುತ್ತೇವೆ. ಕಿಟ್‌ಗೆ ಸಣ್ಣ ಡೆಪಾಸಿಟ್ ಮಾತ್ರ. 10 ಗ್ರೂಪಿಗೆ ಕಳಿಸಿ, ಒಬ್ಬರ ಬಾಳು ಬೆಳಗಿಸಿ.

ಮಾವ: ಜನ ತಾವಾಗೇ ದುಡ್ ಕೊಟ್ಟು ಟೋಪಿ ಹಾಕಿಸ್ಕೊಳೋ ಕಾಲ ಹಹಹ

ತಮ್ಮ: ಮಾವ ಬೆಂಕಿ

ಸೋರ್ಸ್ ಅಣ್ಣ: ಮೂಲ ಎಲ್ಲಿ ಇದ್ರದ್ದು? ಯಾವ ಕಂಪ್ನಿ? ಡೇಟ್ ಇಲ್ಲ ವಿಳಾಸ ಇಲ್ಲ ಏನೂ ಇಲ್ಲ

ಮಾವ: ಜೋಕಿಗೂ ಮೂಲ ಬೇಕೇನಪ್ಪ ನಿಂಗೆ

ದೊಡ್ಡಪ್ಪ: ಯಾರ ಶ್ರಮವನ್ನೂ ಹಾಸ್ಯ ಮಾಡಬಾರದು. ಕೈ ಕೆಸರಾದರೆ ಬಾಯಿ ಮೊಸರು. ಈಗಿನವರಿಗೆ ಎಲ್ಲವೂ ಕೂತಲ್ಲೇ ಬರಬೇಕು.

ತಮ್ಮ: ದೊಡ್ಡಪ್ಪ ಟೋಪಿ ಹೆಣೆಯೋದು ಕೂತ್ಕೊಂಡೇ

ದೊಡ್ಡಪ್ಪ: ನಾನು ತತ್ವದ ಮಾತು ಹೇಳಿದ್ದು.

(ಇಲ್ಲೊಂದು ವಿಷ್ಯ. ಚಿಕ್ಕಮ್ಮಂಗೆ ಕೆಲಸದ ಕಡೆ ಗಂಟೆ ಅರ್ಧ ಮಾಡಿ ಸಂಬಳಾನೂ ಅರ್ಧ ಮಾಡಿದಾರೆ, ಅವಾಗಿಂದ ಅವ್ರು ಟೋಪಿ ಹೆಣೆದು ಮಾರ್ತಿದಾರೆ. ಸ್ಟೇಟಸ್ಸಲ್ಲಿ ಫೋಟೋ ಹಾಕ್ತಾರೆ, ಎಲ್ರೂ ನೋಡ್ತಾರೆ, ಯಾರೂ ಮಾತಾಡಲ್ಲ. ಮಾವಂಗೆ ಗೊತ್ತಿತ್ತೋ ಇಲ್ವೋ ನಂಗೆ ಈಗ್ಲೂ ಡೌಟು.)

ಸೋರ್ಸ್ ಅಣ್ಣ: "ಯಂತ್ರಕ್ಕೆ ಬಾರದು" ಅನ್ನೋದು ಶುದ್ಧ ಸುಳ್ಳು. 1589ರಲ್ಲೇ ಇಂಗ್ಲೆಂಡಲ್ಲಿ ವಿಲಿಯಂ ಲೀ ಅನ್ನೋನು ಕಾಲುಚೀಲ ಹೆಣೆಯೋ ಯಂತ್ರ ಮಾಡಿದ್ದ. ಈಗ ಅಂಗಡೀಲಿ ಸಿಗೋ ಟೋಪಿ ಮುಕ್ಕಾಲು ಪಾಲು ಮೆಷಿನ್ನೇ

ಅಕ್ಕ: ಯಾವ್ ಮೆಷಿನ್ ಬಂದ್ರೂ ಅಜ್ಜಿ ಹೆಣಿಗೆ ಹೆಣಿಗೇನೇ ಬಿಡ್ರೋ, ನೆನಪಿದ್ಯಾ ಆ ಹಸಿರು ಸ್ವೆಟರ್, ಕತ್ತಿನ ಹತ್ರ ಚುಚ್ತಿತ್ತು ಆದ್ರೂ ಬಿಚ್ತಿರ್ಲಿಲ್ಲ ನಾವು, ಅಜ್ಜಿ ಕಣ್ಣು ಟೀವಿ ಮೇಲೆ, ಕಡ್ಡಿ ಮಾತ್ರ ತನ್ ಪಾಡಿಗೆ ತಾನು ಓಡ್ತಿರ್ತಿತ್ತು, ಒಂದು ಹೊಲಿಗೆ ಬಿಟ್ಟೋದ್ರೂ ಬೆರಳಿಗೇ ಗೊತ್ತಾಗ್ತಿತ್ತು ಅವ್ರಿಗೆ

ಅತ್ತೆ: ಆ ಸ್ವೆಟರ್ ನಂದು. ಅಮ್ಮ ನಂಗೇ ಅಂತ ಹೆಣೆದಿದ್ದು. ಈಗ ಯಾರ ಹತ್ರ ಇದೆ?

(ಇದನ್ನ ಯಾರೂ ಗಮನಿಸ್ಲಿಲ್ಲ. ಗಮನಿಸಿದ್ರೆ ಚೆನ್ನಾಗಿತ್ತು.)

ಭಾವ: ಟೋಪಿಗೆ ಬೇಡಿಕೆ ಬರ್ಬೇಕಂದ್ರೆ ಕಾನೂನು ಮಾಡ್ಬೇಕು. ಇಂಗ್ಲೆಂಡಲ್ಲಿ 1571ರಲ್ಲಿ ಮಾಡಿದ್ರು, 6 ವರ್ಷ ದಾಟಿದೋರು ಭಾನುವಾರ, ರಜಾ ದಿನ ಅಲ್ಲೇ ತಯಾರಾದ ಉಣ್ಣೆ ಟೋಪಿ ಹಾಕ್ಲೇಬೇಕು, ಇಲ್ಲಾಂದ್ರೆ ದಂಡ. ಟೋಪಿ ಮಾಡೋರ ಹೊಟ್ಟೆಪಾಡಿಗೆ. ಸಿರಿವಂತ ದೊಡ್ ಮನುಷ್ಯರಿಗೆ ವಿನಾಯ್ತಿ. 1597ರಲ್ಲಿ ರದ್ದು ಮಾಡಿದ್ರು

ದೊಡ್ಡಪ್ಪ: ದೊಡ್ಡವರಿಗೆ ವಿನಾಯಿತಿ ಇದ್ದದ್ದು ಸರಿಯಾದ ಕ್ರಮ.

ತಮ್ಮ: ವಯಸ್ಸಲ್ಲಿ ದೊಡ್ಡೋರಲ್ಲ ದೊಡ್ಡಪ್ಪ ದುಡ್ಡಲ್ಲಿ

ದೊಡ್ಡಪ್ಪ: ನಿನ್ನ ನಾಲಿಗೆಗೂ ಒಂದು ಕಾನೂನು ಬೇಕು.

ಅತ್ತಿಗೆ: ಕೈಹೆಣಿಗೆ ಟೋಪಿ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಒಂದು ವಾಶ್‌ಗೇ ಗೊಂಬೆ ತಲೆಗಾಗೋಷ್ಟು ಆಗೋಗತ್ತೆ. ಅನುಭವದ ಮಾತು. ಯಾರ್ದು ಅಂತ ಹೇಳಲ್ಲ

ಚಿಕ್ಕಮ್ಮ ಟೈಪ್ ಮಾಡ್ತಿದಾರೆ ಅಂತ ಬಂತು. ಹೋಯ್ತು. ಮತ್ತೆ ಬಂತು. ಆಮೇಲೆ ಇದು:

ಚಿಕ್ಕಮ್ಮ: ಯಾರ್ದು ಅಂತ ಹೇಳಮ್ಮ ಪರ್ವಾಗಿಲ್ಲ, ನಂದೇ. ಬಿಸಿನೀರಲ್ಲಿ ಹಾಕ್ಬೇಡ, ಮೆಷಿನ್ನಿಗೆ ಹಾಕ್ಬೇಡ, ತಣ್ಣೀರಲ್ಲಿ ಅದ್ದಿ ಹಿಂಡದೆ ಟವಲ್ ಮೇಲೆ ಹರಡು ಅಂತ ಚೀಟಿ ಬರ್ದು ಪಿನ್ ಮಾಡಿ ಕೊಟ್ಟಿದ್ದೆ. ಉಣ್ಣೆ ಕೂದಲ ಮೇಲೆ ಸಣ್ ಸಣ್ ಪೊರೆ ಇರತ್ತೆ, ಬಿಸಿನೀರು ಸೋಪು ಗಿರಗಿರ ಮೂರೂ ಸೇರಿದ್ರೆ ಒಂದಕ್ಕೊಂದು ಸಿಕ್ಕಾಕೊಂಡು ಗಟ್ಟಿ ಕಂಬಳಿ ಆಗತ್ತೆ, ಅದನ್ನ ವಾಪಸ್ ಹಿಗ್ಸೋಕೆ ದೇವರಿಂದ್ಲೂ ಆಗಲ್ಲ. ಮತ್ತೆ ಮಾವನ್ ಜೋಕಿಗೆ ನಗು ಹಾಕಿದೋರೆಲ್ಲ ನನ್ ಸ್ಟೇಟಸ್ ನೋಡ್ತೀರ, ಯಾರ್ಯಾರು ನೋಡಿದ್ರು ಅಂತ ನಂಗೂ ಕಾಣತ್ತೆ ಕಣ್ರೋ

ತಮ್ಮ ನಗು ಇಮೋಜಿ ತೆಗೆದ. ತೆಗ್ದಿದ್ದೂ ಗೊತ್ತಾಯ್ತು.

ಮಾವ: ಅಯ್ಯೋ ನಾನು ನಿಂಗೆ ಅಂದಿದ್ದಲ್ಲಮ್ಮ, ಆ ಕಡೆ ಗ್ರೂಪಿಂದ ಬಂತು ಈ ಕಡೆ ಹಾಕ್ದೆ

ಸೋರ್ಸ್ ಅಣ್ಣ: ಮಾವ ಅದನ್ನ ಓದಿದ್ರಾ ಕೊನೇವರ್ಗೂ? ಡೆಪಾಸಿಟ್ ಅಂತಿದೆ ನೋಡಿ. ಇದು ಹಳೇ ಆಟ. ಕಿಟ್‌ಗೆ ದುಡ್ ತಗೋತಾರೆ, ನೀವು ಕಷ್ಟಪಟ್ಟು ಹೆಣೆದು ಕಳಿಸ್ತೀರ, ಕ್ವಾಲಿಟಿ ಇಲ್ಲ ಅಂತ ರಿಜೆಕ್ಟ್ ಮಾಡ್ತಾರೆ, ಮುಗೀತು. ಕೆಲಸ ಕೊಡೋರು ದುಡ್ ಕೊಡ್ಬೇಕು, ಕೇಳೋದಲ್ಲ

(ಇಡೀ ದಿನದಲ್ಲಿ ಕೆಲಸಕ್ಕೆ ಬರೋ ಮಾತು ಅಂದ್ರೆ ಇದೊಂದೇ. ಒಂದು ಲೈಕೂ ಬೀಳ್ಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಕೆಳಗಿಂದು ಬಂದಿತ್ತು.)

ಅತ್ತಿಗೆ: ಆ ಟೋಪಿ ನಂಗೆ ಗಿಫ್ಟ್ ಅಂತ ಕೊಟ್ಟಿದ್ದು, ಚೀಟಿ ನೋಡಿಲ್ಲ ನಾನು

ಚಿಕ್ಕಮ್ಮ: ಗಿಫ್ಟ್ ಅಲ್ಲ. ಎಷ್ಟಾಯ್ತು ಅಂತ ನೀನ್ ಕೇಳ್ದೆ, ನಾನ್ ಹೇಳ್ದೆ, ಆಮೇಲ್ ಕೊಡ್ತೀನಿ ಅಂತ ನೀನಂದೆ

ತಮ್ಮ: ಅಣ್ಣ ಇದಕ್ಕೆ ಮೂಲ ಕೇಳು

ಸೋರ್ಸ್ ಅಣ್ಣ: ನೀನು ಸುಮ್ನಿರು

ಅತ್ತೆ: ಯಾವ ಬಣ್ಣದ್ದು ಆ ಟೋಪಿ?

ಅತ್ತಿಗೆ: ಹಸಿರು

ಅತ್ತೆ: ಎಂಥ ಹಸಿರು

ದೊಡ್ಡಮ್ಮ ಈ ಗ್ರೂಪಲ್ಲಿ ಹುಟ್ಟುಹಬ್ಬದ ವಿಶ್ ಬಿಟ್ರೆ ಏನೂ ಹಾಕೋರಲ್ಲ. ಅವತ್ತು ಹಾಕಿದ್ರು.

ದೊಡ್ಡಮ್ಮ: ಅದು ನಮ್ಮತ್ತೆಯವರು, ಅಂದ್ರೆ ಅಜ್ಜಿ, ಹೆಣೆದ ಸ್ವೆಟರ್ ದಾರ. ತೋಳಲ್ಲಿ ನುಸಿ ತಿಂದಿತ್ತು. ಬಿಚ್ಚಿ ಉಂಡೆ ಸುತ್ತಿ ಇವಳಿಗೆ ಕೊಟ್ಟೆ. ಹಾಳಾಗೋದು ಬೇಡ ಅಂತ

ಆಮೇಲೆ ಏನಾಯ್ತು ಅಂತ ಪೂರ್ತಿ ಹಾಕಲ್ಲ, ಅತ್ತೆ ವಾಯ್ಸ್ ಮೆಸೇಜ್ ಕಳಿಸಿದ್ರು, ಅದನ್ನ ಬರ್ದು ಹಾಕೋಕೆ ನಂಗೆ ಧೈರ್ಯ ಇಲ್ಲ. ಸಾರ ಏನಂದ್ರೆ ಅಮ್ಮ ಹೆಣೆದಿದ್ದನ್ನ ಕೇಳ್ದೆ ಬಿಚ್ಚಿದ್ರಿ, ಬಿಚ್ಚಿದ್ದನ್ನ ಮಾರಿದ್ರಿ, ಮಾರಿದ್ದನ್ನ ಇವ್ಳು ದುಡ್ಡೂ ಕೊಡ್ದೆ ವಾಷಿಂಗ್ ಮೆಷಿನ್ನಲ್ಲಿ ಕೊಂದ್ಲು. ಕೇಳೋಕೆ ಕ್ರಮವಾಗೇ ಇತ್ತು.

ಚಿಕ್ಕಮ್ಮ: ನಂಗೆ ಅದು ನಿಮ್ದು ಅಂತ ಗೊತ್ತಿರ್ಲಿಲ್ಲ ಅತ್ತಿಗೆ (ನಮ್ ಅತ್ತೆಗೆ ಹೇಳಿದ್ದು). ಬಿಚ್ಚಿದ ದಾರ ಹಂಗೇ ಹೆಣೆಯೋಕೂ ಆಗಲ್ಲ, ಸುರುಳಿ ಸುರುಳಿ ಇರತ್ತೆ, ಲಡಿ ಕಟ್ಟಿ ನೆನೆಸಿ ಭಾರ ನೇತಾಕಿ ಒಣಗಿಸಿ ನೇರ ಮಾಡ್ದೆ. ಹೊಸ ದಾರಕ್ಕಿಂತ ಕೆಲಸ ಜಾಸ್ತಿ ತಗೊಂಡಿತ್ತು ಅದು

ಅಕ್ಕ: ಹಂಗಾದ್ರೆ ಅಜ್ಜಿ ಸ್ವೆಟರ್ ಇಲ್ವಾ ಈಗ

ಭಾವ: ಇದೆ, ಗೊಂಬೆ ಸೈಜಲ್ಲಿ

(ಭಾವನ್ನ ಅಕ್ಕ ಪ್ರೈವೇಟಾಗಿ ವಿಚಾರಿಸ್ಕೊಂಡಿರ್ಬೇಕು, ಅವ್ರು ಮತ್ತೆ ಬರ್ಲಿಲ್ಲ.)

ದೊಡ್ಡಪ್ಪ: ಎಲ್ಲರೂ ಶಾಂತರಾಗಿ. ವಸ್ತು ಶಾಶ್ವತವಲ್ಲ. ನೋಡಮ್ಮ, ಹವ್ಯಾಸವನ್ನು ವ್ಯಾಪಾರ ಮಾಡಿದರೆ ಇಂಥ ಮನಸ್ತಾಪ ಸಹಜ. ಮನೆಯವರಿಗೆ ಪ್ರೀತಿಯಿಂದ ಕೊಡು, ಹೊರಗಿನವರಿಗೆ ಬೇಕಾದರೆ ಮಾರು.

ಚಿಕ್ಕಮ್ಮ: ಭಾವ (ದೊಡ್ಡಪ್ಪಂಗೆ ಹೇಳಿದ್ದು) ನಿಮ್ ಮಾತಿಗೆ ಎದುರಾಡ್ತೀನಿ ಅಂತ ತಿಳ್ಕೋಬೇಡಿ, ಇದು ಹವ್ಯಾಸ ಅಲ್ಲ ಈಗ. ದಪ್ಪ ದಾರದ ಸಾದಾ ಟೋಪಿಗೇ ನಾಲ್ಕು ಗಂಟೆ ಬೇಕು ನಂಗೆ, ಸಣ್ಣ ದಾರ, ಜಡೆ ಡಿಸೈನು ಅಂದ್ರೆ ಅದ್ರ ಎರಡರಷ್ಟು. ದಾರದ ಖರ್ಚು ತೆಗೆದು ಉಳಿದಿದ್ದನ್ನ ಗಂಟೆಗೆ ಭಾಗ ಮಾಡಿದ್ರೆ ನನ್ ಹಳೇ ಸಂಬಳದ ಹತ್ರಕ್ಕೂ ಬರಲ್ಲ, ಜಾಸ್ತಿ ಹೇಳಿದ್ರೆ ಮೆಷಿನ್ ಟೋಪಿ ಇಷ್ಟಕ್ಕೆ ಸಿಗತ್ತಲ್ಲ ಅಂತಾರೆ. ಆದ್ರೂ ಯಾಕ್ ಮಾಡ್ತೀನಿ ಅಂದ್ರೆ ಹೋದ ಅರ್ಧ ಸಂಬಳದಲ್ಲಿ ಒಂದು ಚೂರಾದ್ರೂ ವಾಪಸ್ ಬರತ್ತೆ, ಸಂಜೆ ಹೆಂಗೂ ಖಾಲಿ. ಅದ್ರಲ್ಲೂ ಚಳಿ ಬಂದ್ಮೇಲೆ ಶುರು ಮಾಡಿದ್ರೆ ಆಗಲ್ಲ, ಬೇಸಿಗೇಲಿ ಸೆಕೆಲಿ ಉಣ್ಣೆ ತೊಡೆ ಮೇಲೆ ಇಟ್ಕೊಂಡು ಕೂರ್ಬೇಕು. ಹೊರಗಿನೋರು ದುಡ್ ಕೊಟ್ಟು ತಗೋತಾರೆ. ಮನೆಯೋರದ್ದೇ ಲೆಕ್ಕ ಬರ್ದಿಟ್ಟಿದೀನಿ, ಬೇಕಾದ್ರೆ ಹಾಕ್ತೀನಿ

ಯಾರೂ ಬೇಕು ಅನ್ಲಿಲ್ಲ.

ತಮ್ಮ: ಬಿಟ್ಟಿ ಸಿಕ್ರೆ ನಂಗೊಂದು ನಮ್ಮಪ್ಪಂಗೊಂದು

ಚಿಕ್ಕಮ್ಮ: ನಿಂದೂ ಇದೆ ಮರಿ ಆ ಲೆಕ್ಕದಲ್ಲಿ. ಮೂರು ಒಂದೇ ಥರ ಬೇಕು ಅಂದೆ, ಆಮೇಲೆ ಫ್ರೆಂಡಿಗೆ ಇನ್ನೊಂದು ಅಂದೆ, ಅದ್ರ ಬಣ್ಣ ಒಂಚೂರು ಬೇರೆ ಬಂತು ಅಂತ ನಾಲ್ಕಕ್ಕೂ ದುಡ್ ಕೊಡ್ಲಿಲ್ಲ. ದಾರದ ಲೇಬಲ್ ಮೇಲೆ ಡೈ ಲಾಟ್ ನಂಬರ್ ಅಂತ ಇರತ್ತೆ, ಒಂದೇ ಸಲ ಬಣ್ಣಕ್ಕೆ ಹಾಕಿದ್ದಕ್ಕೆ ಒಂದೇ ನಂಬರ್. ಮುಗಿದ್ಮೇಲೆ ಅದೇ ಬಣ್ಣ ಸಿಗಲ್ಲ ಅಂತ ಅವತ್ತೇ ಹೇಳಿದ್ದೆ

ತಮ್ಮ: ಕೊಡ್ತೀನಿ ಚಿಕ್ಕಮ್ಮ ಸಂಬಳ ಬಂದ್ಮೇಲೆ

ಸೋರ್ಸ್ ಅಣ್ಣ: ನಮ್ದು ಈಗ್ಲೇ ಹಾಕಿದೀನಿ ಚಿಕ್ಕಮ್ಮ, ನೋಡಿ ಬಂತಾ

ಅತ್ತಿಗೆ: ನನ್ ಕೇಳ್ದೆ ಯಾಕ್ ಹಾಕ್ದೆ

ಇನ್ನೊಂದು ಜಗಳಕ್ಕೆ ಬೀಜ ಅಂದ್ಕೊಂಡೆ, ಅದನ್ನ ಅವ್ರು ಮನೇಲಿ ಮುಂದುವರ್ಸಿದಾರೆ ಅಂತ ಕಾಣತ್ತೆ. ಈ ಮಧ್ಯೆ ಮಾವ ಮೊದಲ್ನೇ ಮೆಸೇಜ್ ಡಿಲೀಟ್ ಮಾಡಿದ್ರು, ಆಮೇಲೆ ಬಂದ ಅಜ್ಜನ ತಮ್ಮ, ಅಂದ್ರೆ ಚಿಕ್ಕಜ್ಜ, ಇಷ್ಟುದ್ದ ಜಗಳ ಯಾವ ವಿಷಯಕ್ಕೆ ಅಂತ ಗೊತ್ತಾಗ್ದೆ "ಯಾರಿಗೆ ಹುಷಾರಿಲ್ಲ?" ಅಂತ ಕೇಳಿದ್ರು. ಡೆಪಾಸಿಟ್ ವಿಷ್ಯ ಇನ್ನೊಂದ್ಸಲ ನಾನೇ ಎತ್ತಿದೆ, ಯಾರೂ ಕಟ್ಟಿಲ್ಲ ತಾನೆ ಅಂತ. ಮಾವ ಥಂಬ್ಸಪ್ ಹಾಕಿದ್ರು. ಹೌದು ಅಂತಾನೋ ಇಲ್ಲ ಅಂತಾನೋ ಅತ್ತೆಗೂ ಗೊತ್ತಿಲ್ವಂತೆ.

ರಾತ್ರಿ:

ಚಿಕ್ಕಮ್ಮ: ಇನ್ಮೇಲೆ ಬೇಕಾದೋರು ಇಲ್ಲೇ ಹೇಳಿ, ಎಲ್ರಿಗೂ ಒಂದೇ ರೇಟು, ಅರ್ಧ ಅಡ್ವಾನ್ಸ್. ತಲೆ ಸುತ್ತಳತೆ ಹುಬ್ಬಿನ ಮೇಲಿಂದ ಕಿವಿ ಮೇಲಾಗಿ ಹಿಂದಗಡೆ ಉಬ್ಬಿರೋ ಜಾಗಕ್ಕೆ ಟೇಪ್ ಸುತ್ತಿ ತಗೊಳಿ, ಅದಕ್ಕಿಂತ ಮೂರ್ನಾಲ್ಕು ಸೆಂಟಿಮೀಟರ್ ಕಮ್ಮಿ ನಾನೇ ಹೆಣೀತೀನಿ, ಎಳೆದು ಕೂರ್ಬೇಕಲ್ಲ. ಮೆಷಿನ್ನಿಗೇ ಹಾಕೋರು ಅಕ್ರಿಲಿಕ್ ತಗೊಳಿ, ಅದಕ್ಕೆ ಇಸ್ತ್ರಿ ಮಾತ್ರ ತಾಗಿಸ್ಬೇಡಿ. ಚರ್ಮ ಸೂಕ್ಷ್ಮ ಇದ್ರೆ, ಕಾಯಿಲೆಗೆ ಕೂದಲು ಉದುರಿದೋರಿಗೆ ಅಂದ್ರೆ ಉಣ್ಣೆ ಚುಚ್ಚತ್ತೆ, ಹತ್ತಿ ದಾರದಲ್ಲಿ ಮಾಡ್ಕೊಡ್ತೀನಿ

ದೊಡ್ಡಪ್ಪ: 23

ಚಿಕ್ಕಮ್ಮ: ಇಂಚಾ ಭಾವ?

ದೊಡ್ಡಪ್ಪ: ಹೌದು. ಅಡ್ವಾನ್ಸ್ ಅಲ್ಲ, ಪೂರ್ತಿ ಕಳಿಸಿದ್ದೇನೆ. ಹಸಿರು ಬೇಡ.

ಅತ್ತೆ: ಹಸಿರು ಯಾಕ್ ಬೇಡ ಅಂತ ಸ್ವಲ್ಪ ಬಿಡಿಸಿ ಹೇಳಣ್ಣ