ಸ್ಟಾರ್ ಬಿಡು, ಬೈಗುಳ ಓದು

ಹಾಂ ಮಾಣಿ, ನಾನು ಲೋಕಲ್ ಟ್ರೇನಲ್ಲಿದ್ದೇನೆ, ಗಲಾಟೆ ಕೇಳ್ತದೆ, ಟೈಪ್ ಮಾಡ್ಲಿಕ್ಕೆ ಕೈ ಖಾಲಿ ಇಲ್ಲ. ಅತ್ತೆ ಮಾವನನ್ನು ಕರ್ಕೊಂಡು ಮುಂಬೈಗೆ ಬರ್ತೇನೆ, ಮಾಟುಂಗದಲ್ಲಿ ಊಟಕ್ಕೆ ಎಲ್ಲಿ ಹೋಗುವುದು, 4.5 ಸ್ಟಾರಿಗಿಂತ ಕಮ್ಮಿ ಇದ್ದದ್ದು ಬೇಡ ಅಂತ ಬರ್ದಿದ್ದಿ ಅಲ್ವಾ?

ಆ ಸ್ಟಾರ್ ಬದಿಗಿಡು ಮಾರಾಯ. ನಾನು ಮೊದಲು ಓದುವುದು ಒಂದು ಸ್ಟಾರ್ ಕೊಟ್ಟವರ ರಿವ್ಯೂ. ಒಬ್ಬ "ಸಾಂಬಾರ್ ಸಿಹಿ" ಅಂತ ಬೈದಿರ್ತಾನೆ. ಉಡುಪಿ ಸಾಂಬಾರಿಗೆ ಬೆಲ್ಲ ಬೀಳದೆ ಆಗ್ತದಾ? ಅದನ್ನು ಓದಿದ್ರೆ ನಂಗೆ ಹಸಿವೇ ಆಗ್ತದೆ. ಇನ್ನೊಬ್ಬಳಿಗೆ ಗುರ್ತಿಲ್ಲದವರ ಎದುರು ಕೂರಿಸಿದ್ರು ಅಂತ ಸಿಟ್ಟು. ಮಾಟುಂಗದಲ್ಲಿ ಜಾಗ ಇದ್ದಲ್ಲಿ ಕೂರುವುದೇ. ಆದ್ರೆ ಎಣ್ಣೆ ಕಮಟು, ಚಟ್ನಿ ಹಳಸಿತ್ತು ಅಂತ ಒಂದೇ ತಿಂಗಳಲ್ಲಿ ಮೂರು ಜನ ಬರೆದ್ರೆ ಆ ಕಡೆ ನಾನು ತಲೆ ಹಾಕುವುದಿಲ್ಲ.

ಐದು ಸ್ಟಾರ್ ಹೇಗೆ ಬರ್ತದೆ ಗೊತ್ತುಂಟಾ? ಹೋದ ವರ್ಷ ಬಾಂದ್ರಾದಲ್ಲಿ ಒಂದು ದೊಡ್ಡ ಹೋಟೆಲು, ಹೆಸರು ಬೇಡ. ರೋಟಿ ಎಳೆದ್ರೂ ಹರಿಯುವುದಿಲ್ಲ. ಅಷ್ಟರಲ್ಲಿ ವೇಟರ್ ಬಂದು, ಈಗಲೇ ಐದು ಸ್ಟಾರ್ ಒತ್ತಿದ್ರೆ ಐಸ್‌ಕ್ರೀಮ್ ಫ್ರೀ ಅಂದ. ನಿನ್ನ ಚಿಕ್ಕಪ್ಪ ಒತ್ತಿಯೇ ಬಿಟ್ರು! ಮೇಲಿಂದ ಬಿಲ್ಲಿನಲ್ಲಿ 10 ಪರ್ಸೆಂಟ್ ಸರ್ವಿಸ್ ಚಾರ್ಜ್. ಅದನ್ನು ಮಾತ್ರ ನಾನು ತೆಗೆಸಿದೆ. ಕಡ್ಡಾಯ ಅಲ್ಲ ಅದು, 2022ರಲ್ಲೇ ಕೇಂದ್ರದ ಗ್ರಾಹಕ ಪ್ರಾಧಿಕಾರ ಹೇಳಿತ್ತು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ನೀನೂ ಬಿಲ್ ನೋಡದೆ ಕಾರ್ಡ್ ಕೊಡಬೇಡ.

ಈಗ ಊಟದ ವಿಷಯ. ಬಾಳೆಎಲೆ ಊಟ ಬೇಕಾದ್ರೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಮಾಟುಂಗ ಸ್ಟೇಷನ್ ಪಕ್ಕದಲ್ಲೇ, 1942ರಿಂದ ಉಂಟು. ಊರಿನಿಂದ ಬಂದವರು ಕಟ್ಟಿದ್ದು. ತಿಂಡಿಗಾದ್ರೆ ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್, ಅದು 1940ರದ್ದು. ರಸಂ ವಡೆ ತಗೋ, ರಾಗಿ ದೋಸೆ ತಗೋ. ಆದಿತ್ಯವಾರ ಬೆಳಿಗ್ಗೆ ಮಾತ್ರ ಹೋಗ್ಬೇಡ, ಹೊರಗೆ ಹೆಸರು ಬರೆಸಿ ಕಾಯುವಷ್ಟರಲ್ಲಿ ನಿನ್ನ ಮಾವನಿಗೆ ಶುಗರ್ ಇಳೀತದೆ.

ಹಾಂ, ಒಂದು ಮರ್ತಿದ್ದೆ. ನಾಯಕರ ಹೋಟೆಲು ಮಹಡಿ ಮೇಲೆ, ಮೆಟ್ಟಿಲು ಹತ್ತಬೇಕು. ನಿನ್ನ ಅತ್ತೆಯ ಮೊಣಗಂಟು ಈಗ ಹೇಗುಂಟು? ಅದನ್ನು ಮೊದಲು ಹೇಳು, ಮತ್ತೆ ನೋಡುವ.