ಅಪ್‌ಡೇಟ್: ಬ್ಯೂಟಿಷಿಯನ್ ಕೋರ್ಸ್ ಕೊನೆಗೂ ಆರಿಸಿಕೊಂಡೆ

ಹೋದ ತಿಂಗಳು ನಿಮ್ಮನ್ನೆಲ್ಲ ಕೇಳಿದ್ದೆ: ಹುಬ್ಬಳ್ಳಿಯಲ್ಲಿ 3 ತಿಂಗಳ ಬ್ರೈಡಲ್ ಮೇಕಪ್ ಕೋರ್ಸ್ ಸೇರಲಾ, ಇಲ್ಲ 1 ವರ್ಷದ ಐಟಿಐ ಕಾಸ್ಮೆಟಾಲಜಿ ಮಾಡಲಾ ಅಂತ. ಐಟಿಐಗೇ ಅರ್ಜಿ ಹಾಕಿದೆ.

"ದುಡ್ಡು ಕಟ್ಟೋ ಮೊದಲು ಒಂದು ದಿನ ಕ್ಲಾಸಲ್ಲಿ ಕೂತು ನೋಡು" ಅಂದ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಆ ಬ್ರೈಡಲ್ ಕೋರ್ಸಿನ ಕ್ಲಾಸಿಗೆ ಹೋಗಿ ಕೂತೆ. ಹುಡುಗಿಯರು 18, ಕುರ್ಚಿ 2. ಮೇಡಂ ಮಾಡ್ತಾರೆ, ಉಳಿದವರು ನೋಡ್ತಾರೆ, ಅಷ್ಟೇ. ಒಬ್ಬಳ ತಲೆಗೆ ನೇರವಾಗಿ ಕಪ್ಪು ಡೈ ಹಚ್ಚಿಬಿಟ್ಟರು. ನನಗೆ ನಿಜಕ್ಕೂ ಭಯವಾಯಿತು. ಅಂಥ ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಒಗ್ಗದೆ ಮುಖವೇ ಊದಿಕೊಳ್ಳುತ್ತದೆ. ಅದಕ್ಕೇ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಬೇಕು. ಇದನ್ನೇ ಕಲಿಸದಿದ್ದರೆ ಮತ್ತೇನು ಕಲಿಸಿದ ಹಾಗಾಯಿತು? ಫೀಸಿಗೆ ರಸೀದಿ ಕೇಳಿದರೂ ಸರಿಯಾದ ಉತ್ತರ ಬರಲಿಲ್ಲ.

ಐಟಿಐ ಸರ್ಟಿಫಿಕೇಟ್ ದೇಶದ ಎಲ್ಲ ಕಡೆ ನಡೆಯುತ್ತದೆ ಅಂದ ಮೇಲೆ ಅಪ್ಪನೂ ಒಪ್ಪಿದರು. ಒಂದು ವರ್ಷ ಸಂಪಾದನೆ ಇಲ್ಲ ಅನ್ನೋದೇ ಅವರ ಚಿಂತೆಯಾಗಿತ್ತು. ಭಾನುವಾರ ಸಪ್ತಾಪುರದ ಒಂದು ಪಾರ್ಲರ್‌ನಲ್ಲಿ ಕೈಗೆಲಸಕ್ಕೆ ಹೋಗ್ತೀನಿ. ಸದ್ಯಕ್ಕೆ ಥ್ರೆಡಿಂಗ್ ಮಾತ್ರ, ಅವ್ವನ ಹುಬ್ಬಿನ ಮೇಲೇ ಅಭ್ಯಾಸ ನಡೀತಿದೆ.