‘ಓಓಕು’ಗೆ ಅಂತಃಪುರವೋ, ಒಳಮನೆಯೋ?

ಗೆಳೆಯರಿಗೆ ನಮಸ್ಕಾರ,

ಜಪಾನಿನ ತೊಯೊಹಾರ ಚಿಕಾನೊಬು (1838–1912) ಮಾಡಿದ ಮರದಚ್ಚಿನ ಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯಲು ಕೂತು, ಒಂದು ಪದದ ಮುಂದೆ ನಿಂತುಬಿಟ್ಟಿದ್ದೇನೆ. 1890ರ ದಶಕದ ಆ ಮಾಲೆಯ ಹೆಸರು ‘ಚಿಯೋದ ನೊ ಓಓಕು’. ಚಿಯೋದ ಎಂದರೆ ಎದೋ ಕೋಟೆ, ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳಾದ ಶೋಗನ್ನರು ಈಗಿನ ಟೋಕಿಯೊದಲ್ಲಿ ವಾಸವಿದ್ದ ಕೋಟೆ. ತೊಡಕಿರುವುದು ‘ಓಓಕು’ವಿನಲ್ಲಿ, ಕೋಟೆಯೊಳಗೆ ಹೆಂಗಸರಿದ್ದ ಭಾಗ ಅದು.

ಮೊದಲು ‘ಆಸ್ಥಾನ ಜೀವನ’ ಎಂದು ಬರೆದು ಹೊಡೆದುಹಾಕಿದೆ. ಆಸ್ಥಾನ ಎಂದಕೂಡಲೇ ಸಿಂಹಾಸನ, ಮಂತ್ರಿ, ಹೊಗಳುಭಟರು ಕಣ್ಮುಂದೆ ಬರುತ್ತಾರೆ. ಚಿತ್ರದಲ್ಲಿರುವವರೋ ಚೆರ್ರಿ ಹೂ ನೋಡಲು ತೋಟಕ್ಕಿಳಿದ ಹೆಂಗಸರು. ಮೂರು ಹಾಳೆ ಜೋಡಿಸಿದರೆ ಒಂದು ಚಿತ್ರ. (ಅಚ್ಚು ಕೊರೆಯುವ ಹಲಗೆಯೂ ಸಾಮಾನ್ಯವಾಗಿ ಚೆರ್ರಿ ಮರದ್ದೇ!) ‘ರಾಣಿವಾಸ’ವೂ ಕೂಡಿಬರುವುದಿಲ್ಲ. ಶೋಗನ್ ರಾಜನಲ್ಲ, ಸೇನಾಧಿಪತಿ; ಚಕ್ರವರ್ತಿ ಇದ್ದದ್ದು ಕ್ಯೋಟೊದಲ್ಲಿ. ‘ಜನಾನಾ’ ಎಂದರೆ ಪರದೆ, ನವಾಬರು ಎಲ್ಲ ಬೆನ್ನಿಗೇ ಬರುತ್ತಾರೆ.

ಉಳಿದದ್ದು ‘ಅಂತಃಪುರ’. ಅರ್ಥವೇನೋ ಸರಿ, ಆದರೆ ‘ಓಕು’ ಅಷ್ಟು ಭಾರದ ಮಾತಲ್ಲ. ಒಳಗು, ಆಳ ಅಂತ ಅಷ್ಟೆ. ಇನ್ನೊಬ್ಬರ ಹೆಂಡತಿಯನ್ನು ಜಪಾನಿಯರು ಇಂದಿಗೂ ‘ಓಕುಸಾನ್’ ಅನ್ನುತ್ತಾರೆ, ನಾವು ‘ನಿಮ್ಮ ಮನೆಯವರು’ ಅನ್ನುವ ಹಾಗೆ. ಕೋಟೆಯ ಅರಮನೆಯಲ್ಲಿ ಆಡಳಿತ ನಡೆಯುತ್ತಿದ್ದ ಮುಂಭಾಗ ‘ಒಮೊತೆ’, ಶೋಗನ್ನನ ದಿನಬಳಕೆಯ ಭಾಗ ‘ನಾಕಾಓಕು’, ಅದರಾಚೆ ‘ಓಓಕು’. ಅಲ್ಲಿಗೆ ಹೋಗುವ ಓಣಿಯಲ್ಲಿ ಗಂಟೆ ಕಟ್ಟಿದ್ದರು, ಆತ ಬರುವಾಗ ಬಾರಿಸಲು. ‘ನಾಕಾ’ ಎಂದರೆ ನಡು. ಪಡಸಾಲೆ, ನಡುಮನೆ, ಒಳಮನೆ ಅಂದುಕೊಂಡರೆ ನಕ್ಷೆಯೇ ಕಣ್ಣಿಗೆ ಕಟ್ಟುತ್ತದಲ್ಲ!

ಚಿಕಾನೊಬು ಸ್ವತಃ ಶೋಗನ್ನರ ಪರ ಯುದ್ಧ ಮಾಡಿ ಸೋತವನು. ಅವರ ಕಾಲದಲ್ಲಿ ಅಚ್ಚು ಹಾಕಲು ಬಿಡದಿದ್ದ ಬದುಕನ್ನು ಅವರು ಹೋದ ಮೇಲೆ ಬಿಡಿಸಿದ. ಹಾಗಾಗಿ ಪದದಲ್ಲಿ ಸ್ವಲ್ಪ ಮನೆಯ ವಾಸನೆ ಇರಲಿ ಅನ್ನುವುದು ನನ್ನಾಸೆ.

ಅಡ್ಡಿ ಒಂದೇ. ನಮ್ಮಜ್ಜಿ ಮನೆಯಲ್ಲಿ ಒಳಮನೆ ಎಂದರೆ ಉಪ್ಪಿನಕಾಯಿ ಭರಣಿ ಇಡುತ್ತಿದ್ದ ಕತ್ತಲೆ ಕೋಣೆ. ನಿಮ್ಮ ಕಡೆ ಆ ಮಾತಿಗೆ ಏನರ್ಥ? ‘ಓಓಕು’ವಿನ ಮೊದಲ ‘ಓ’ ಎಂದರೆ ದೊಡ್ಡದು; ‘ಹಿರಿ ಒಳಮನೆ’ ಅಂದರೆ ಭರಣಿ ಮರೆತುಹೋಗುತ್ತದೆಯೇ?

ಹಾಗೆಯೇ, ‘ಮರದಚ್ಚಿನ ಚಿತ್ರ’ ಬಿಟ್ಟು ‘ಮರಗೆತ್ತನೆ’ ಎಂದು ಬರೆಯಿರಿ ಎಂದು ಒಬ್ಬರು ತಿದ್ದಿದ್ದಾರೆ. ಕೆತ್ತನೆ ಎಂದರೆ ನನಗೆ ಬಾಗಿಲವಾಡವೇ ಕಾಣುತ್ತದೆ, ಕಾಗದವಲ್ಲ. ನಿಮಗೆ?